ಭತ್ತ ಬಾಚಿದ ಕೆಂಪು ಕಾರು

"ಹೊಟ್ಟ್ಯಾಗಿನ ನೀರು ಅಳ್ಳಾಡಾಕತ್ತೈತೇನು, ನೀನ ಹೇಳು!" ಎಂದು ನಮ್ಮ ಯಜಮಾನರು ಕೇಳುತ್ತಿದ್ದಂತೆಯೇ ಕಾರಿನಡಿ ಪರಪರ ಸದ್ದಾಯಿತು. ತುರ್ವಿಹಾಳ ಊರು ದಾಟಿದೊಡನೆ ಅರ್ಧ ರಸ್ತೆಗೆ ಭತ್ತ ಒಣಹಾಕಿದ್ದರು. ತಮ್ಮ ಸ್ಪೋರ್ಟ್ಸ್ ಕಾರಿಗೆ ಹೊಸ ಸಸ್ಪೆನ್ಷನ್ ಹಾಕಿಸುವಾಗ ಇವರು, ವೇಗದಲ್ಲಿ ತಿರುಗಿದರೆ ವಾಲಬಾರದೆಂದು ಕಾರನ್ನು ನೆಲಕ್ಕೆ ಇನ್ನಷ್ಟು ತಗ್ಗಿಸಿದ್ದರು. ಕುಲುಕಾಟವೇನೋ ನಿಂತಿತ್ತು, ನಿಜ. ಆದರೆ ಎದುರಿನ ಬಸ್ಸಿಗೆ ದಾರಿ ಬಿಡಲು ಪಕ್ಕಕ್ಕೆ ಸರಿದಾಗ, ಮುಂದಿನ ಬಂಪರು ಹಲಗೆಯಂತೆ ಭತ್ತವನ್ನು ದೂಡಿಕೊಂಡು ಹೋಗಿ ಗುಡ್ಡೆ ಹಾಕಿಬಿಟ್ಟಿತು.

ಬರಿಗಾಲಲ್ಲಿ ಸಾಲೆಳೆಯುತ್ತ ಭತ್ತ ತಿರುವುತ್ತಿದ್ದ ಹೆಂಗಸು ಓಡಿ ಬಂದರು. ಬೈಗುಳಕ್ಕೆ ಸಿದ್ಧರಾಗಿಯೇ ಇವರು ಗಾಜು ಇಳಿಸಿದರು. ಆಕೆ ಕಾರನ್ನೂ ಗುಡ್ಡೆಯನ್ನೂ ನೋಡಿ, ಸೊಂಟದ ಮೇಲೆ ಕೈಯಿಟ್ಟು, "ಯಣ್ಣಾ, ತಿರುವಿ ತಿರುವಿ ನನ್ನ ಕಾಲು ಸೋತಾವ. ಆ ಕಡೀಗೂ ಒಂದು ಸುತ್ತು ಹೊಡ್ರೀ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಇವರು ಇಳಿದು, ಬಗ್ಗಿ, ಗುಡ್ಡೆ ಹರವಿಕೊಟ್ಟರು.

ಮೊನ್ನೆ ಕಾರು ತೊಳೆಯುವಾಗ ಬಂಪರಿನ ಸಂದಿಯಲ್ಲಿ ಭತ್ತ ಮೊಳೆತು ಎರಡೆಳೆ ಹಸಿರು ಇಣುಕುತ್ತಿತ್ತು. ಕಾರಿನ ಮೇಲೆ ಧೂಳು ಕೂತರೂ ಕೂಗಾಡುವ ಇವರು, ಅದನ್ನು ಕೀಳದೆ ಮೆಲ್ಲಗೆ ಇಷ್ಟು ನೀರು ಚಿಮುಕಿಸಿದರು.