ಅಕ್ಕಿ ಡಬ್ಬಿಯ ಹುಡುಗಿ

ನಮ್ಮ ಚಿತ್ರಪ್ರದರ್ಶನದ ಫೋಟೋ ಹಾಕಿದಾಗಲೆಲ್ಲ ನೀವು ಚಪ್ಪಾಳೆ ಹೊಡೆಯುತ್ತೀರಿ, ಖುಷಿಯೇ. ಆದರೆ ಮೊದಲ ವರ್ಷದ್ದು ಒಂದೂ ಹಾಕಿಲ್ಲ. ಯಾಕೆ ಎಂದು ಕೇಳುತ್ತಲೇ ಇದ್ದೀರಿ. ಹೇಳಿಬಿಡುತ್ತೇನೆ.

ಶಿರಸಿಯಲ್ಲಿ ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ದೇವರು, ತೀರಿಹೋದ ಅಜ್ಜ, ಸನ್ಮಾನಪತ್ರ, ಬರುವುದೆಲ್ಲ ಇಂಥದ್ದೇ. ಒಂದು ದಿನ ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರು ತಾವೇ ಬರೆದ ಚಿತ್ರಗಳನ್ನು ತಂದರು. ಮಾಗೋಡಿನ ಕಣಿವೆ, ಯಲ್ಲಾಪುರದ ಸಂತೆ, ಎಲ್ಲ ಚೆನ್ನಾಗಿದ್ದವು. ಒಂದರ ಮುಂದೆ ಮಾತ್ರ ನನ್ನ ಕೈ ನಿಂತುಬಿಟ್ಟಿತು. ಲಂಗದ ಹುಡುಗಿಯೊಬ್ಬಳು ಮೊಣಕೈವರೆಗೂ ಅಕ್ಕಿ ಡಬ್ಬಿಯೊಳಗೆ ಕೈ ಹಾಕಿ, ಬಾಗಿಲ ಕಡೆ ತಿರುಗಿ ನೋಡುತ್ತಿದ್ದಾಳೆ. ಹೆದರಿಕೆಯೂ ಇದೆ, ನಗುವೂ ಇದೆ.

"ನಮ್ಮಕ್ಕ" ಎಂದರು ಮಾಸ್ತರರು. ಚಿಕ್ಕಂದಿನಲ್ಲಿ ಅಪ್ಪ ಇವರ ಬಣ್ಣಗಳನ್ನು ಬಚ್ಚಲ ಒಲೆಗೆ ಹಾಕುತ್ತಿದ್ದರಂತೆ. ಉಳಿದದ್ದನ್ನು ಅಕ್ಕ ಅಕ್ಕಿಯೊಳಗೆ ಬಚ್ಚಿಡುತ್ತಿದ್ದಳಂತೆ.

ಇದನ್ನು ನಾಲ್ಕು ಜನ ನೋಡಬೇಕು ಅನ್ನಿಸಿತು. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಬರೆಯುವವರು ಬೇಕಾದಷ್ಟಿದ್ದರು, ತೂಗುಹಾಕಲು ಗೋಡೆ ಇರಲಿಲ್ಲ. ಕೆಲವರು ಸೇರಿ ಸಮಿತಿ ಮಾಡಿ, ಒಂದು ಸಭಾಭವನ ಹಿಡಿದೆವು. ಸಮಿತಿ ಎಂದಮೇಲೆ ಅಧ್ಯಕ್ಷರು ಬಂದರು. ಅಧ್ಯಕ್ಷರ ಹಿಂದೆ ವೇದಿಕೆ, ದೀಪ, ಸನ್ಮಾನ, ಮುಖ್ಯ ಅತಿಥಿ, ರಿಬ್ಬನ್ನು ಎಲ್ಲ ಬಂದವು. ಚಿತ್ರಗಳು ಪಕ್ಕದ ಕೋಣೆಗೆ ಹೋದವು.

ಮಾಸ್ತರರ ಅಕ್ಕ ಹುಲಗೋಳದಿಂದ ಟೆಂಪೋ ತುಂಬ ಊರವರನ್ನು ಹೊರಡಿಸಿಕೊಂಡು ಬಂದಿದ್ದಳು. ಅವರಲ್ಲಿ ಪಕ್ಕದ ಮನೆಯ ಯಜಮಾನರೊಬ್ಬರಿದ್ದರು. ಹಿಂದೆ ಇವಳ ತಮ್ಮನಿಗೆ "ಗೋಡೆಗೆ ಬಣ್ಣ ಬಳಿಯಲೆ ಹೋಗು, ಕೂಲಿನಾದ್ರೂ ಸಿಕ್ತು" ಎಂದು ಊರೆಲ್ಲ ನಗುವಂತೆ ಹೇಳಿದವರು. ಆ ಚಿತ್ರದ ಮುಂದೆ ಅವರನ್ನು ನಿಲ್ಲಿಸಿ, ಪಕ್ಕದಲ್ಲಿ ತಾನು ನಿಲ್ಲಬೇಕು. ಅಕ್ಕ ಬಂದದ್ದೇ ಅದಕ್ಕೆ.

ಅತಿಥಿಗಳಿಗೆ ಅಂದು ಸಿದ್ದಾಪುರದಲ್ಲೂ ಕಾರ್ಯಕ್ರಮವಿತ್ತು. ಅವರು ಇನ್ನೂ ಬಂದಿರಲಿಲ್ಲ. ಆಗಲೇ ಪ್ರಾರ್ಥನೆ, ಸ್ವಾಗತ, ಸನ್ಮಾನ ಎಲ್ಲ ಮುಗಿದು ಭಾಷಣ ಶುರುವಾಗಿತ್ತು. ಮಾಸ್ತರರು ಶಾಲು ಹೊದ್ದು, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ವೇದಿಕೆಯಲ್ಲಿ ಕೂತಿದ್ದರು. ಕಣ್ಣು ಮಾತ್ರ ಕೋಣೆಯ ಬಾಗಿಲ ಮೇಲೆ. ರಿಬ್ಬನ್ ಕಟ್ಟಿ ಮುಚ್ಚಿದ್ದ ಆ ಬಾಗಿಲಲ್ಲಿ ನಾನಿದ್ದೆ.

ಹೊರಗೆ ಟೆಂಪೋದವನು ಹಾರ್ನ್ ಹೊಡೆಯತೊಡಗಿದ. ಅಕ್ಕ ಎದ್ದು ಬಂದಳು.

"ತಂಗಿ, ಒಂದ್ ಗಳಿಗೆ ಒಳಗೆ ಹೋಗಿಕ್ಕಿ ಬತ್ಯ."

ನಾನು ಅಧ್ಯಕ್ಷರ ಹತ್ತಿರ ಓಡಿದೆ. "ಇವರಿಗೆ ಹೊರಡೋ ಹೊತ್ತಾಯ್ತು ಸರ್, ಸುಮ್ಮನೆ ಬಿಟ್ಟುಬಿಡೋಣ."

"ರಿಬ್ಬನ್ ಕತ್ತರಿಸೋ ಮೊದ್ಲು ಜನ ಒಳಗೆ ಹೊಕ್ಕರೆ ಬಂದವರು ಏನು ಉದ್ಘಾಟನೆ ಮಾಡ್ಬೇಕು? ಕಾನಸೂರು ದಾಟಿದಾರಂತೆ. ಸ್ವಲ್ಪ ಕಾಯಿರಿ."

ಕಾದೆವು. ಪಕ್ಕದ ಮನೆಯವರೂ ಬಾಗಿಲಿಗೆ ಬಂದರು. "ಎಂತದೇ, ನಿನ್ನ ಪಟ ಅಷ್ಟು ಚೊಲೋ ಇದ್ದು ಹೇಳಿ ಬಾಗ್ಲು ಹಾಕಿಟ್ಟಿದ್ವ?"

"ಸುಮ್ನಿರು ಮಾರಾಯ. ನಿಂಗೆ ತೋರ್ಸದೇ ಬಿಡ್ತ್ನಿಲ್ಲೆ ಆನು" ಎಂದು ಅಕ್ಕ ನಕ್ಕಳು.

ಅಷ್ಟರಲ್ಲಿ ಟೆಂಪೋದವನೇ ಒಳಗೆ ಬಂದ. "ಅಮ್ಮಾರ, ಲಗೂನ ಏರ್ರಿ. ಬನವಾಸಿಗಿ ಇನ್ನೊಂದ್ ಬಾಡಿಗಿ ಐತ್ರಿ."

ಊರವರು ಒಬ್ಬೊಬ್ಬರಾಗಿ ಎದ್ದರು. ಅಕ್ಕ ಕೊನೆಯವಳು. ರಿಬ್ಬನ್ನನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿ ಹೊರಟುಹೋದಳು. ಆ ಚಿತ್ರವನ್ನೇ ಹೊರಗೆ ತಂದು ತೋರಿಸಬಹುದಿತ್ತಲ್ಲ ಎಂದು ನನಗೆ ಹೊಳೆದದ್ದು ಟೆಂಪೋ ತಿರುವು ದಾಟಿದ ಮೇಲೆ. ಇಂಥ ಬುದ್ಧಿ ಇದ್ದರೆಷ್ಟು, ಬಿಟ್ಟರೆಷ್ಟು!

ಅತಿಥಿಗಳು ಬಂದರು, ಕತ್ತರಿಸಿದರು, ಫೋಟೋ ತೆಗೆಸಿಕೊಂಡರು. ಆ ಚಿತ್ರದ ಮುಂದೆ ನಿಂತು, "ಹುಡುಗಿ ಡಬ್ಬಿಯಲ್ಲಿ ಏನು ಹುಡುಕ್ತಿದಾಳೆ?" ಎಂದರು. ಮಾಸ್ತರರು ಹೆಗಲ ಶಾಲು ತೆಗೆದು ಮಡಚಿದರು. ಎಲ್ಲರೂ ಊಟಕ್ಕೆ ಹೋದರು.

ಮರುದಿನವೂ ಪ್ರದರ್ಶನವಿತ್ತು. ಮಾಸ್ತರರು ಅಕ್ಕನನ್ನು ಕರೆತರಲು ಹೋಗಿ ಒಬ್ಬರೇ ವಾಪಸು ಬಂದರು. "ಎಲ್ಲವ್ರ ಎದ್ರಿಗೆ ನೋಡವು ಹೇಳಿ ಆಸೆ ಇತ್ತು ತಮ್ಮಾ. ಈಗ ಆನೊಬ್ಬಳೇ ನೋಡಿ ಎಂತ ಮಾಡವು?" ಎಂದಳಂತೆ. ಮನೆಗೇ ತಂದುಕೊಡುತ್ತೇನೆ ಎಂದರೂ ಬೇಡವೆಂದಳಂತೆ.

ಈಗ ನಮ್ಮ ಪ್ರದರ್ಶನಕ್ಕೆ ರಿಬ್ಬನ್ನಿಲ್ಲ, ವೇದಿಕೆಯಿಲ್ಲ. ಬೆಳಗಾದರೆ ಬಾಗಿಲು ತೆರೆದಿರುತ್ತದೆ. ನೀವು ಮೆಚ್ಚುವುದು ಇದನ್ನೇ. ಮಾಸ್ತರರು ಮಾತ್ರ ಮತ್ತೆ ಚಿತ್ರ ಕೊಡಲಿಲ್ಲ. ಅಕ್ಕಿ ಡಬ್ಬಿಯ ಹುಡುಗಿಯನ್ನು "ಇಲ್ಲೇ ಇರಲಿ" ಎಂದು ನನ್ನ ಅಂಗಡಿಯಲ್ಲಿ ಬಿಟ್ಟುಹೋದರು. ದೇವರ ಪಟಗಳ ನಡುವೆ ತೂಗುಹಾಕಿದ್ದೇನೆ.

ಮೊನ್ನೆ ಆ ಪಕ್ಕದ ಮನೆಯವರು ಮೊಮ್ಮಗನ ಫೋಟೋಕ್ಕೆ ಕಟ್ಟು ಹಾಕಿಸಲು ಬಂದಿದ್ದರು. ಗೋಡೆ ನೋಡುತ್ತ ನೋಡುತ್ತ ಕನ್ನಡಕ ಒರೆಸಿಕೊಂಡು ಹತ್ತಿರ ಹೋದರು.

"ಇದು ಮಾಸ್ತರನ ಅಕ್ಕನೇ ಅಲ್ದಾ? ಕಣ್ಣು ನೋಡು, ಹಂಗೇ ಇದ್ದು. ಡಬ್ಬಿಲಿ ಎಂತ?"

"ತಮ್ಮನ ಬಣ್ಣ."

ಅವರು ನಗಲಿಲ್ಲ. "ಆನು ನೋಡ್ದೆ ಹೇಳಿ ಅದಕ್ಕೆ ಹೇಳ್ತೆ" ಎಂದು ಮೆಲ್ಲಗೆ ಹೊರಟರು. ತಾವು ನೋಡಿದ್ದನ್ನು ಅಕ್ಕನಿಗೆ ಹೇಳಿದರೋ ಇಲ್ಲವೋ ತಿಳಿಯದು. ಅವರು ನೋಡುವಾಗ ಪಕ್ಕದಲ್ಲಿ ಇರಬೇಕಾದವಳು ಅಕ್ಕ. ಇದ್ದದ್ದು ನಾನು, ಕೈಯಲ್ಲಿ ಅಳತೆ ಟೇಪು ಹಿಡಿದುಕೊಂಡು.