ದಣಿವಿಗೊಂದು ದೀಪವಿಲ್ಲ

ನಮ್ಮ ಕ್ಯಾಪ್ಟನ್ನರ ಎಡಗೈ ತೋರುಬೆರಳಿನ ತುದಿ ಬೆಳ್ಳಗೆ ಸುಕ್ಕಾಗಿತ್ತು. ರಾಮನಗರದಲ್ಲಿ ಅವರ ತಂದೆ ರೇಷ್ಮೆ ರೀಲರು; ಚಿಕ್ಕಂದಿನಲ್ಲಿ ಇವರೂ ಗೂಡು ಬೇಯುವ ಬಿಸಿನೀರಿಗೆ ಬೆರಳಿಟ್ಟು ಎಳೆ ಹುಡುಕುತ್ತಿದ್ದರಂತೆ. ಮುಂದೆ ಅದೇ ಬೆರಳು ಹೆಲಿಕಾಪ್ಟರಿನ ಪರದೆಯ ಮೇಲಂಚನ್ನು ತೋರಿಸಿ ತೋರಿಸಿ ನನ್ನಂಥವರನ್ನು ಪೈಲಟ್ ಮಾಡಿತು.

ನಮ್ಮ ಕೆಲಸ ಕರಾವಳಿಯಿಂದ ಸಮುದ್ರದ ನಡುವಿನ ತೈಲ ಬಾವಿಗಳಿಗೆ ಕೆಲಸಗಾರರನ್ನು ಒಯ್ದು ತರುವುದು. ಅವರು ಕ್ಯಾಪ್ಟನ್, ನಾನು ಪಕ್ಕದ ಸೀಟಿನವನು. ಹಾರುವಾಗ ಸರ್ ಎನ್ನುತ್ತಿದ್ದೆ, ಇಳಿದ ಮೇಲೆ ಭಾಯ್. ನಾನು ರಾಮನಗರದ ಪಕ್ಕದ ಕೂಟಗಲ್ಲಿನವನೆಂದು ಗೊತ್ತಾದ ದಿನ, ಸದ್ಯ ಇನ್ನು ಬೈಯಕ್ಕೆ ಇಂಗ್ಲಿಷ್ ಹುಡುಕೋದು ತಪ್ಪಿತು ಎಂದು ನಕ್ಕಿದ್ದರು.

ಮಳೆಗಾಲದ ಮೋಡದೊಳಗೆ ಹೊರಗಿನದು ಏನೂ ಕಾಣುವುದಿಲ್ಲ. ರನ್‌ವೇ ಕಡೆಯಿಂದ ಎರಡು ರೇಡಿಯೊ ಸಂಕೇತ ಬರುತ್ತವೆ. ಒಂದು ಎಡಬಲದ ದಾರಿ ಹೇಳುತ್ತದೆ, ಇನ್ನೊಂದು ಇಳಿಜಾರು. ಗುಂಡಿ ಒತ್ತಿದರೆ ಆಟೋಪೈಲಟ್ ಎರಡನ್ನೂ ಹಿಡಿದು ನಮ್ಮನ್ನು ಇಳಿಸಬೇಕು. ಹಿಡಿಯುವವರೆಗೆ ಪರದೆಯ ಮೇಲಂಚಿನಲ್ಲಿ ಆಯಾ ಸಂಕೇತದ ಅಕ್ಷರ ಬಿಳಿ, ಹಿಡಿದ ಮೇಲೆ ಹಸಿರು. ಹೊಸಬರು ಗುಂಡಿ ಒತ್ತಿದ ಕೂಡಲೇ ನಿರಾಳವಾಗುತ್ತಾರೆ. ಕ್ಯಾಪ್ಟನ್ ಬಿಡುತ್ತಿರಲಿಲ್ಲ.

“ಗುಂಡಿ ಒತ್ತಿದ್ದು ನಿನ್ನ ಆಸೆ ಕಣಪ್ಪ. ಅದು ಏನ್ ಮಾಡ್ತೈತೆ ಅನ್ನೋದು ಇಲ್ಲಿ ಬರ್ದೈತೆ. ಬೆರಳಿಟ್ಟು ಓದು” ಎನ್ನುತ್ತಿದ್ದರು. ತಾವೂ ಹಾಗೆಯೇ ಓದುತ್ತಿದ್ದರು, ಒಂದನೇ ತರಗತಿಯ ಮಗುವಿನಂತೆ.

ಒಂದು ಮಳೆಗಾಲ ಪೈಲಟ್‌ಗಳು ಸಾಲದೆ ನಾವಿಬ್ಬರೇ ಹಾರಿದ್ದೂ ಹಾರಿದ್ದೇ. ಎರಡು ಹಾರಾಟದ ನಡುವೆ ಅವರು ಕುರ್ಚಿಯಲ್ಲೇ ಒರಗಿ ಮುಖಕ್ಕೆ ಟವೆಲ್ ಹಾಕಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಚಹಾ ಕೆನೆಗಟ್ಟುತ್ತಿತ್ತು. ಕೇಳಿದರೆ, ಒಸಿ ಕಣ್ಣು ಉರೀತೈತೆ ಅಷ್ಟೇ ಎನ್ನುವರು.

ಆ ಮಧ್ಯಾಹ್ನ ಮನೆಗೆ ಹೊರಟ ಕೆಲಸಗಾರರನ್ನು ತುಂಬಿಕೊಂಡು ಬರುತ್ತಿದ್ದೆವು. ಸುತ್ತ ಹಾಲಿನಂಥ ಮೋಡ. ಅವರು ಗುಂಡಿ ಒತ್ತಿದರು, ಸ್ವಲ್ಪ ಹೊತ್ತಿಗೆ ಬೆರಳಿಟ್ಟು ಓದಿದರು: “ಎರಡೂ ಹಸಿರು.”

ನಾನೂ ನೋಡಿದೆ. ಎಡಬಲದ್ದು ಹಸಿರಾಗಿತ್ತು. ಇಳಿಜಾರಿನದು ಬಿಳಿ. ನಾವು ಇಳಿಯುತ್ತಲೇ ಇರಲಿಲ್ಲ. ಇದ್ದ ಎತ್ತರದಲ್ಲೇ ರನ್‌ವೇ ಕಡೆಗೆ ಹೋಗುತ್ತಿದ್ದೆವು, ಇಳಿಯಬೇಕಾದ ದಾರಿ ನಮ್ಮ ಕೆಳಗೆ ಜಾರಿಹೋಗುತ್ತಿತ್ತು.

“ಸರ್, ಇಳಿಜಾರು ಬಿಳೀನೇ ಐತೆ” ಎಂದೆ.

ಅವರ ಬೆರಳು ಆ ಬಿಳಿ ಅಕ್ಷರದ ಮೇಲೆಯೇ ಇತ್ತು.

ವಾದಿಸಲಿಲ್ಲ. ಇಳಿಯುವುದನ್ನು ಕೈಬಿಟ್ಟು ಮೇಲೇರಿಸಿದರು, ಮೇಲೆ ಹೋದ ಮೇಲೆ ಹಾರಿಸುವುದನ್ನು ನನ್ನ ಕೈಗೆ ಕೊಟ್ಟರು. ಎರಡನೇ ಸಲ ಎರಡೂ ಹಸಿರಾದವು, ಇಳಿದೆವು. ಒಂದು ಸುತ್ತು ಪುಕ್ಕಟೆ ತೋರಿಸಿದಿರಿ ಎಂದು ಹಿಂದೆ ಕೂತವರು ತಮಾಷೆ ಮಾಡುತ್ತಾ ಹೋದರು.

ರೆಕ್ಕೆ ನಿಂತರೂ ಅವರು ಹೆಡ್‌ಸೆಟ್ ತೆಗೆಯಲಿಲ್ಲ. ಏನೂ ಆಗಲಿಲ್ಲವಲ್ಲ ಭಾಯ್, ಯಾರಿಗೂ ತಿಳಿಯುವುದಿಲ್ಲ ಎಂದು ಸಮಾಧಾನ ಹೇಳಿದೆ.

“ತಪ್ಪು ಓದಿದ್ರೆ ತಿದ್ಕಬೌದು. ನಾನು ನೋಡ್ದೇನೆ ಓದ್ಬುಟ್ಟೆ” ಎಂದರು. ಆಮೇಲೆ ಪರದೆಯ ಕಡೆ ನೋಡುತ್ತಾ ಹೇಳಿದರು: “ಇಂಜಿನ್ ಕಾದ್ರೆ ಇಲ್ಲಿ ದೀಪ ಹತ್ತತೈತೆ. ಆಳು ದಣಿದ್ರೆ ಯಾವ ದೀಪಾನೂ ಹತ್ತಲ್ಲ ಕಣಪ್ಪ. ಅದ ನಾವೇ ಹೇಳ್ಬೇಕು.”

ಹೇಳಿಯೂ ಬಿಟ್ಟರು. ನೇರ ಕಚೇರಿಗೆ ಹೋಗಿ ಆದದ್ದನ್ನೆಲ್ಲ ತಿಳಿಸಿ, ದಣಿದಿದ್ದೇನೆ, ರಜೆ ಬೇಕು ಎಂದರು. ರಜೆ ಸಿಕ್ಕಿತು. ಅದು ಮುಗಿದ ಮೇಲೆ ಕಂಪನಿಯವರು ಕರಾರು ಮುಂದುವರಿಸಲಿಲ್ಲ. ಮತ್ತೆ ಅವರು ಹಾರಲಿಲ್ಲ.

ಊರಿಗೆ ಬಂದಾಗಲೆಲ್ಲ ರಾಮನಗರದ ಅವರ ಮನೆಗೆ ಹೋಗುತ್ತಿದ್ದೆ. ವಾಷಿಂಗ್ ಮಿಷನ್ ಹಾಕಿದರೂ ಎದುರು ಕೂತು ಬೆರಳಿಟ್ಟು ಓದುತ್ತಾರೆ ಎಂದು ಅವರ ಹೆಂಡತಿ, ನನ್ನ ಭಾಭಿ, ದೂರುತ್ತಿದ್ದರು. ಭಾಯ್ ಹಾರಾಟದ ಸುದ್ದಿ ಕೇಳುತ್ತಿರಲಿಲ್ಲ. ನನ್ನ ಕಣ್ಣು ನೋಡಿ, “ನಿದ್ದೆ ಮಾಡ್ದಾ?” ಎಂದಷ್ಟೇ ಕೇಳುತ್ತಿದ್ದರು. ಮಾಡಿದೆ ಎನ್ನುತ್ತಿದ್ದೆ. ಅವರು ನಂಬುತ್ತಿರಲಿಲ್ಲ.

ಹೋದ ಮಳೆಗಾಲದಲ್ಲಿ ತೀರಿಕೊಂಡರು. ನಾನು ತಲುಪುವಷ್ಟರಲ್ಲಿ ಮಣ್ಣಾಗಿತ್ತು. ಭಾಭಿ ಕೊಟ್ಟ ಚಹಾ ಕೈಯಲ್ಲಿರುವಾಗಲೇ ಕಚೇರಿಯಿಂದ ಫೋನು ಬಂತು, ಮರುದಿನ ಹಾರಬೇಕಂತೆ. ವಾರಗಟ್ಟಲೆ ಸರಿಯಾಗಿ ಮಲಗಿರಲಿಲ್ಲ ನಾನು. ನನ್ನ ಕರಾರೂ ಮುಗಿಯುವುದರಲ್ಲಿತ್ತು. ಆಗುವುದಿಲ್ಲ ಎಂದೆ. ಯಾಕೆ, ಹೆಲಿಕಾಪ್ಟರಿನಲ್ಲಿ ಏನಾದರೂ ತೊಂದರೆಯೇ ಎಂದು ಕೇಳಿದರು.

“ಇಲ್ಲ, ಯಾವ ದೀಪವೂ ಹತ್ತಿಲ್ಲ” ಎಂದೆ. “ನಾನು ದಣಿದಿದ್ದೀನಿ.”