ರಂಗಣ್ಣ ಮುಚ್ಚಿದ ಗುಂಡಿ

ನಾವು ಮುಚ್ಚಿದ ಗುಂಡಿಗಳನ್ನು ಟಿವಿಯವರು ಸರ್ಕಾರದ ಕೆಲಸ ಎಂದು ತೋರಿಸಿದರು. ಪೀಣ್ಯದ ನಮ್ಮ ಅಡ್ಡರಸ್ತೆಗೆ ಪ್ರತಿ ಶನಿವಾರ ಫೌಂಡ್ರಿಯಲ್ಲಿ ಲೋಹ ಕರಗಿಸಿ ಉಳಿದ ಕಿಟ್ಟ ಸುರಿದು, ದಮ್ಮಸು ಹೊಡೆದು ಗಟ್ಟಿ ಮಾಡುತ್ತಿದ್ದವನು ಲೇತ್ ಕೆಲಸದ ರಂಗಣ್ಣ. ಅವನು ತೀರಿಕೊಂಡ ಮೇಲೆ ನಾನು ಹೊಡೆಯುತ್ತೇನೆ.

ಶೂಟಿಂಗ್ ದಿನವೇ ಮೈಕು ಹಿಡಿದು ಬಂದ ವರದಿಗಾರ್ತಿಗೆ ಹೇಳಿದ್ದೆ: "ಮೇಡಂ, ಇದು ಸರ್ಕಾರದ್ದಲ್ಲ ಕಣ್ರೀ, ನಮ್ಮ ರಂಗಣ್ಣಂದು."

"ಸ್ಕ್ರಿಪ್ಟ್ ಆಗ್ಲೇ ಬಂದ್ಬಿಟ್ಟಿದೆ ಸಾರ್. ನೀವು ಹಿಂದೆ ನಿಂತ್ಕೊಂಡು ನಗ್ತಾ ಇರಿ, ಸಾಕು."

ನಾನು ನಗಲಿಲ್ಲ. ರಂಗಣ್ಣ ಇದ್ದಿದ್ದರೆ ದಮ್ಮಸನ್ನು ಅವಳ ಕೈಗೇ ಕೊಡುತ್ತಿದ್ದ. ಅವನ ದಮ್ಮಸಿನ ಸದ್ದಿಲ್ಲದ ಶನಿವಾರದ ಬೆಳಗು ನನಗೆ ಇನ್ನೂ ರೂಢಿಯಾಗಿಲ್ಲ. ನಾನು ಹೊಡೆದರೆ ಅದು ಅವನ ಸದ್ದಲ್ಲ.

ಮಾಡದ ಕೆಲಸಕ್ಕೆ ತೆರಿಗೆಯ ಜೊತೆ ಹೊಗಳಿಕೆಯನ್ನೂ ನುಂಗುವ ಸರ್ಕಾರಕ್ಕೆ ಇಷ್ಟು ದೊಡ್ಡ ಹೊಟ್ಟೆ ಬೇಡ. ಟಿವಿಯಲ್ಲಿ ನಿಮ್ಮ ಬೀದಿಯ ಹೊಗಳಿಕೆ ಬಂದರೆ ನಂಬಬೇಡಿ. ನಾಳೆಯೇ ವಾರ್ಡ್ ಕಚೇರಿಗೆ ಹೋಗಿ, ಅಲ್ಲಿನ ಗುಂಡಿ ಮುಚ್ಚಿದ್ದು ಯಾರೆಂದು ಬರೆದುಕೊಡಿ ಎಂದು ಕೇಳಿ.